ಮೊಡವೆಗೆ ಸಿಕ್ಕ ಸಿಕ್ಕ ಟ್ಯೂಬ್ ಹಚ್ಚಬೇಡಿ

ಮೊದಲು ಒಳ್ಳೆ ಬೆಳಕಿನಲ್ಲಿ ಮುಖ ನೋಡಿಕೊಳ್ಳಿ. ಮೂಗು, ಗಲ್ಲದ ಮೇಲೆ ಕಪ್ಪು ಚುಕ್ಕೆ, ಚರ್ಮದ ಬಣ್ಣದ್ದೇ ಸಣ್ಣ ಸಣ್ಣ ಉಬ್ಬು ಇದ್ದರೆ ಅದು ಮೊಡವೆಯ ಶುರು. ಆ ಕಪ್ಪು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕೆಂಪಗೆ ಊದಿ ಕೀವು ತುಂಬಿದ್ದರೆ ಅದು ಮುಂದಿನ ಹಂತ. ಒಳಗೆ ಗಟ್ಟಿ ಗಂಟಾಗಿ ಮುಟ್ಟಿದರೆ ನೋಯುತ್ತಿದೆಯಾ? ಮನೆಯಲ್ಲಿ ಪ್ರಯೋಗ ಬೇಡ, ಸೀದಾ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಯಾಕಂದ್ರೆ ಮುಖದಲ್ಲಿ ಗುಳಿ ಬೀಳುವುದು ಹೆಚ್ಚಾಗಿ ಇಂಥವುಗಳಿಂದಲೇ. ಹಣೆ, ಎದೆ, ಬೆನ್ನಲ್ಲಿ ಒಂದೇ ಅಳತೆಯ ಗುಳ್ಳೆಗಳೆದ್ದು ತುರಿಸುತ್ತಿದ್ದರೆ ಫಂಗಸ್ ಇರಬಹುದು, ಅದರ ಔಷಧವೇ ಬೇರೆ.

ಹಣೆಯಲ್ಲೇ ಜಾಸ್ತಿ ಇದ್ದರೆ ತಲೆಗೆ ಹಚ್ಚುವ ಎಣ್ಣೆಯೂ ಕಾರಣ ಆಗಿರಬಹುದು. ರಾತ್ರಿಯಿಡೀ ಬಿಡಬೇಡಿ, ಸ್ವಲ್ಪ ಹೊತ್ತಿಗೇ ತಲೆ ತೊಳೆದುಬಿಡಿ. ನಿಂಬೆರಸ, ಟೂತ್‌ಪೇಸ್ಟ್ ಮುಖಕ್ಕೆ ಬೇಡವೇ ಬೇಡ.

ಈಗ ಮುಖ್ಯವಾದ ಮಾತು. ಗೆಳತಿ ಹೇಳಿದಳು, ಅಂಗಡಿಯವರು ಕೊಟ್ಟರು ಅಂತ ತಂದ ಟ್ಯೂಬ್ ಇದೆಯಲ್ವಾ, ಅದನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಮುಖ ಬೆಳ್ಳಗೆ, ನುಣ್ಣಗೆ ಆಗುತ್ತದೆ, ಎಲ್ಲರೂ ಹೊಗಳುತ್ತಾರೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿದು, ಕೂದಲು ಬೆಳೆದು, ಹಚ್ಚುವುದು ಬಿಟ್ಟ ತಕ್ಷಣ ಮೊಡವೆ ಮೊದಲಿಗಿಂತ ಜೋರಾಗಿ ಬರುತ್ತದೆ. ಎಷ್ಟೋ ಮಕ್ಕಳ ಮುಖ ಹಾಳಾಗುತ್ತಿರುವುದು ಹೀಗೇ, ನೋಡಿದರೆ ಸಂಕಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದ್ದರೆ ಟ್ಯೂಬ್ ಸಮೇತ ಡಾಕ್ಟರಿಗೆ ತೋರಿಸಿ, ಹೇಗೆ ಬಿಡಬೇಕು ಅಂತ ಅವರೇ ಹೇಳುತ್ತಾರೆ.

ಸಾಧಾರಣ ಮೊಡವೆಗೆ ಡಾಕ್ಟರು ಹೆಚ್ಚಾಗಿ ಬರೆಯುವುದು ರಾತ್ರಿಗೆ 0.1% ಅಡಾಪಲೀನ್ ಜೆಲ್, ಕೆಂಪು ಗುಳ್ಳೆಗಳಿದ್ದರೆ ಜೊತೆಗೆ 2.5% ಬೆಂಜಾಯ್ಲ್ ಪೆರಾಕ್ಸೈಡ್. ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್ ಸಾಕು. ಮುಖ ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡು, ಗುಳ್ಳೆಯ ಮೇಲಷ್ಟೇ ಅಲ್ಲ, ಮೊಡವೆ ಬರುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಿ. ಕಣ್ಣು, ತುಟಿಯ ಹತ್ತಿರ ಬೇಡ. ಶುರುವಿನಲ್ಲಿ ಸಿಪ್ಪೆ ಏಳುತ್ತದೆ, ಉರಿಯುತ್ತದೆ, ಆಗ ದಿನ ಬಿಟ್ಟು ದಿನ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಹಾಕಿ. ಹಗಲು ಸನ್‌ಸ್ಕ್ರೀನ್ ತಪ್ಪಿಸಬೇಡಿ, ಇಲ್ಲದಿದ್ದರೆ ಕಪ್ಪು ಕಲೆ ಬೇಗ ಹೋಗುವುದಿಲ್ಲ. ಬೆಂಜಾಯ್ಲ್ ತಾಗಿದರೆ ದಿಂಬಿನ ಕವರ್ ಬಣ್ಣ ಬಿಡುತ್ತದೆ, ಬಿಳಿಯದನ್ನೇ ಹಾಕಿಕೊಳ್ಳಿ. ಫಲ ಕಾಣಲು 8ರಿಂದ 12 ವಾರ ಬೇಕು. ಎರಡೇ ವಾರಕ್ಕೆ ಬೇಜಾರಾಗಿ ಬಿಡಬೇಡಿ ದಯವಿಟ್ಟು.

ಹುಡುಗಿಯರಲ್ಲಿ ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲೂ ಬರುತ್ತಿದ್ದರೆ ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಒಂದು ತೊಂದರೆ) ಇದೆಯಾ ಅಂತ ಪರೀಕ್ಷೆ ಮಾಡಿಸಿ. ಜೋರಾದ ಮೊಡವೆಗೆ ಡಾಕ್ಟರು ಕೊಡುವ ಐಸೊಟ್ರೆಟಿನೊಯಿನ್ ಮಾತ್ರೆ ಒಳ್ಳೆಯದೇ, ಆದರೆ ಗರ್ಭದಲ್ಲಿರುವ ಮಗುವಿಗೆ ತುಂಬಾ ಅಪಾಯ. ಗರ್ಭಿಣಿಯರು ಅಡಾಪಲೀನ್ ಕೂಡ ಹಚ್ಚಬಾರದು. ಹಾಗಾಗಿ ಮಾತ್ರೆ ಯಾರ ಜೊತೆಯೂ ಹಂಚಿಕೊಳ್ಳಬೇಡಿ.