ಹುಬ್ಬಳ್ಳಿ-ಧಾರವಾಡದಲ್ಲಿ ಉಚಿತ ಹಾಸ್ಪೈಸ್: ಪರವಾನಗಿಯಿಂದ ಮಾರ್ಫಿನ್ ಲೆಕ್ಕದವರೆಗೆ

ಹಾಸ್ಪೈಸ್ ಎಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಆರೈಕೆ ಕೇಂದ್ರ. ರೋಗಿಯಿಂದ ಒಂದು ರೂಪಾಯಿಯನ್ನೂ ಪಡೆಯದಿದ್ದರೂ ಅದಕ್ಕೆ ಕಾನೂನಿನಿಂದ ವಿನಾಯಿತಿ ಇಲ್ಲ. ವೈದ್ಯಕೀಯ ಆರೈಕೆ ಕೊಡುವ ಸೇವಾ ಸಂಸ್ಥೆಗಳಿಗೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಅನ್ವಯಿಸುತ್ತದೆ.

ಮೊದಲು ಟ್ರಸ್ಟ್ ಅಥವಾ ಸೊಸೈಟಿ ನೋಂದಾಯಿಸಿ. ಆಮೇಲೆ ಕೆಪಿಎಂಇ ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಿ. ಹಾಸ್ಪೈಸ್ ಹುಬ್ಬಳ್ಳಿಯಲ್ಲಿದ್ದರೂ ನೋಂದಣಿ ಪ್ರಾಧಿಕಾರ ಧಾರವಾಡದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯದೇ. ನೋಂದಣಿ 5 ವರ್ಷ ನಡೆಯುತ್ತದೆ.

ಹೆಚ್ಚಿನವರು ಎಡವುವುದು ಮಾರ್ಫಿನ್ ವಿಷಯದಲ್ಲಿ; ಇದು ಮಾದಕ ದ್ರವ್ಯ ಕಾಯ್ದೆಯಡಿ ಬರುವ ಪ್ರಬಲ ನೋವು ನಿವಾರಕ. ಅದಿಲ್ಲದೆ ಕ್ಯಾನ್ಸರ್ ರೋಗಿಯ ತೀವ್ರ ನೋವು ತಗ್ಗಿಸುವುದು ಕಷ್ಟ, ಆದ್ದರಿಂದ ಹೆದರಿ ಕೈಬಿಡಬೇಡಿ. ಆ ಕಾಯ್ದೆಯ 2014ರ ತಿದ್ದುಪಡಿಯ ನಂತರ ರಾಜ್ಯ ಔಷಧ ನಿಯಂತ್ರಕರಿಂದ 'ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ' ಎಂಬ ಒಂದೇ ಮಾನ್ಯತೆ ಸಾಕು. ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರು ಬೇಕೇ ಬೇಕು.

ಮಾತ್ರೆಗಳು ಬೀಗದ ಕಪಾಟಿನಲ್ಲಿರಲಿ. ಪುಟಸಂಖ್ಯೆಯುಳ್ಳ ರಿಜಿಸ್ಟರಿನಲ್ಲಿ ದಿನದ ಆರಂಭದ ಶಿಲ್ಕು, ರೋಗಿಯ ಹೆಸರು, ಕೊಟ್ಟದ್ದು, ಉಳಿದದ್ದು ಬರೆದು ಇಬ್ಬರು ಸಹಿ ಹಾಕಿ. 10 ಮಿ.ಗ್ರಾಂ. ಮಾತ್ರೆಯಲ್ಲಿ ಅರ್ಧ ಕೊಟ್ಟರೆ ಉಳಿದರ್ಧ ಏನಾಯಿತೆಂದು ಅದೇ ಸಾಲಿನಲ್ಲಿ ಬರೆಯಿರಿ. ಲೆಕ್ಕ ತಪ್ಪುವುದು ಬಹುತೇಕ ಇಲ್ಲೇ. ತಪ್ಪಾದರೆ ವೈಟ್ನರ್ ಬೇಡ, ಒಂದು ಗೆರೆ ಎಳೆದು ಸಹಿ ಮಾಡಿ.

ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಿರಿ. ಗಾಯದ ಬಟ್ಟೆ ಹಳದಿ ಚೀಲಕ್ಕೆ, ಕ್ಯಾತೆಟರ್ (ಮೂತ್ರದಂಥ ದ್ರವ ಹೊರತೆಗೆಯುವ ಕೊಳವೆ) ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ. 48 ಗಂಟೆ ಮೀರಿ ಇಡುವಂತಿಲ್ಲ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರವಾದ ನಮೂನೆ 4ರಲ್ಲಿ ಬರೀ 'ಹೃದಯ ಸ್ತಂಭನ' ಎಂದು ಬರೆಯದೆ, ಸಾವಿಗೆ ಮೂಲವಾದ ಕಾಯಿಲೆಯನ್ನು ವೈದ್ಯರಿಂದಲೇ ಬರೆಸಿ.