ಖಾಲಿ ಬಿಟ್ಟ ಅಂಕಣ: ಹೆರಿಗೆ ಆಸ್ಪತ್ರೆಯ ಕಡತಗಳ ನಡುವೆ ನನ್ನ ಅನುಭವ

ದಾವಣಗೆರೆಯ ಮೂವತ್ತು ಹಾಸಿಗೆಗಳ ಖಾಸಗಿ ಹೆರಿಗೆ ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳಲು ಸೇರಿದಾಗ, ಆಸ್ಪತ್ರೆಗೆ ಕಾನೂನಿನ ತೊಡಕು ಎಂದರೆ ರೋಗಿಯ ಕಡೆಯವರು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವುದು ಎಂದಷ್ಟೇ ನಾನು ತಿಳಿದಿದ್ದೆ. ಎರಡು ತಿಂಗಳು ತುಂಬುವುದರೊಳಗೆ ಸ್ಕ್ಯಾನಿಂಗ್ ಕೊಠಡಿಯ ತಪಾಸಣೆಗೆ, ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಜಾರಿಗೊಳಿಸುವ ಸಕ್ಷಮ ಪ್ರಾಧಿಕಾರದ ತಂಡ ಬಂದಿತು. ಅವರು ಯಂತ್ರದ ಕಡೆ ಒಮ್ಮೆ ಕಣ್ಣು ಹಾಯಿಸಿ, ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ತುಂಬಿಡಬೇಕಾದ ‘ಫಾರಂ ಎಫ್’ಗಳ ಕಡತವನ್ನು ಕೇಳಿ ಪಡೆದು ಕುಳಿತುಬಿಟ್ಟರು. ಒಂದರಲ್ಲಿ ವಿಳಾಸದ ಜಾಗದಲ್ಲಿ ‘ಜಗಳೂರು ತಾ.’ ಎಂದಷ್ಟೇ ಇತ್ತು. ಇನ್ನೊಂದರಲ್ಲಿ ಗರ್ಭಿಣಿಯ ಹೆಬ್ಬೆಟ್ಟಿನ ಗುರುತಿತ್ತು, ಅದು ಆಕೆಯದೇ ಎಂದು ದೃಢೀಕರಿಸಿದವರ ಸಹಿ ಇರಲಿಲ್ಲ. ಮೂರನೆಯದರಲ್ಲಿ ಸ್ಕ್ಯಾನ್ ಯಾವ ಕಾರಣಕ್ಕೆ ಎಂಬ ಅಂಕಣವೇ ಖಾಲಿಯಾಗಿತ್ತು. ಕೆಲವೇ ದಿನಗಳಲ್ಲಿ ನೋಟಿಸ್ ಬಂತು.

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯ 4(3)ನೇ ಕಲಮನ್ನು ನಾನು ಮೊದಲ ಬಾರಿಗೆ ಅಕ್ಷರ ಅಕ್ಷರವಾಗಿ ಓದಿದ್ದು ಆ ರಾತ್ರಿಯೇ. ದಾಖಲೆಯಲ್ಲಿ ಕೊರತೆಯೋ ತಪ್ಪೋ ಕಂಡುಬಂದರೆ, ಸ್ಕ್ಯಾನ್ ಮಾಡಿದವರು ಅದಕ್ಕೆ ವಿರುದ್ಧವಾದುದನ್ನು ಸಾಬೀತುಪಡಿಸುವವರೆಗೆ, ಅದನ್ನು ಕಾಯ್ದೆಯ ಉಲ್ಲಂಘನೆ ಎಂದೇ ಎಣಿಸಲಾಗುತ್ತದೆ. ಬರವಣಿಗೆಯ ಲೋಪವನ್ನೂ ಲಿಂಗಪತ್ತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಪ್ರಸೂತಿ ತಜ್ಞರ ರಾಷ್ಟ್ರೀಯ ಒಕ್ಕೂಟವು ಸುಪ್ರೀಂ ಕೋರ್ಟಿನ ಮೊರೆ ಹೋಗಿತ್ತು. 2019ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ನಮ್ಮ ವೈದ್ಯರಿಗೆ ಇದು ಇಂದಿಗೂ ಅತಿಯೆನಿಸುತ್ತದೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಹೇಳಿದವರೂ ಕೇಳಿದವರೂ ಬಾಯಿ ಬಿಡದ ಅಪರಾಧಕ್ಕೆ ಕಾಗದವಲ್ಲದೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು?

ಹೊರರೋಗಿ ಚೀಟಿ ಮತ್ತು ಗುರುತಿನ ಪತ್ರಗಳ ಪ್ರತಿಗಳನ್ನು ಒಪ್ಪಿಸಿ ವಿವರಣೆ ಕೊಟ್ಟ ಮೇಲೆ ಪ್ರಕರಣ ಎಚ್ಚರಿಕೆಯೊಂದಿಗೆ ಮುಗಿಯಿತು. ಲೋಪದ ಮೂಲವನ್ನು ಹುಡುಕಿದಾಗ ಸಿಕ್ಕ ಸಂಗತಿ ಬಹಳ ಸಣ್ಣದು: ಬೆಳಗಿನಿಂದ ನಡೆದ ಸ್ಕ್ಯಾನುಗಳ ಫಾರಂಗಳನ್ನು ಸ್ವಾಗತದ ಮೇಜಿನ ಹುಡುಗಿ ಸಂಜೆ ಕುಳಿತು, ಬಿಲ್ ನೋಡಿಕೊಂಡು ತುಂಬುತ್ತಿದ್ದಳು, ರೋಗಿ ಅಷ್ಟರಲ್ಲಿ ಊರಿನ ಬಸ್ಸು ಹತ್ತಿರುತ್ತಿದ್ದಳು. ಆ ಮೇಜನ್ನೇ ಸ್ಕ್ಯಾನಿಂಗ್ ಕೊಠಡಿಯ ಬಾಗಿಲ ಹೊರಗೆ ತಂದಿಟ್ಟು, ಅಲ್ಲಿ ಒಬ್ಬ ನರ್ಸನ್ನು ಕೂರಿಸಿದೆ. ಭ್ರೂಣದ ಲಿಂಗ ತಿಳಿಯುವ ಇಚ್ಛೆ ತನಗಿಲ್ಲ ಎಂಬ ಘೋಷಣೆಯನ್ನು ಗರ್ಭಿಣಿಗೆ ಓದಿ ಹೇಳಿ ಸಹಿ ಪಡೆಯದೆ ಒಳಗೆ ಬಿಡುವಂತಿಲ್ಲ, ವೈದ್ಯರು ತಮ್ಮ ಘೋಷಣೆಗೆ ಸಹಿ ಹಾಕದೆ ಮುಂದಿನ ಹೆಸರು ಕೂಗುವಂತಿಲ್ಲ ಎಂದು ನಿಯಮ ಮಾಡಿದೆವು. ಎರಡನೆಯದಕ್ಕೆ ವೈದ್ಯರನ್ನು ಒಪ್ಪಿಸಲು ಒಂದು ತಿಂಗಳೇ ಹಿಡಿಯಿತು.

ದಿನವೂ ನಾಲ್ಕು ಗಂಟೆಗೆ ಬಿಲ್ಲುಗಳ ಸಂಖ್ಯೆ, ಯಂತ್ರದಲ್ಲಿ ದಾಖಲಾದ ಸಂಖ್ಯೆ ಮತ್ತು ಫಾರಂಗಳ ಸಂಖ್ಯೆಯನ್ನು ತಾಳೆ ನೋಡತೊಡಗಿದೆ. ಮೊದಲ ವಾರದಲ್ಲೇ ಒಂದು ದಿನ ಬಿಲ್ಲು 19, ಯಂತ್ರದಲ್ಲಿ 21. ಎದೆ ಧಸಕ್ಕೆಂದಿತು. ಮೂತ್ರಕೋಶ ತುಂಬಿಲ್ಲವೆಂದು ಇಬ್ಬರನ್ನು ನೀರು ಕುಡಿಸಿ ಮತ್ತೆ ಕರೆದಿದ್ದರಿಂದ ಅವರ ಹೆಸರು ಯಂತ್ರದಲ್ಲಿ ಎರಡೆರಡು ಸಲ ಬಿದ್ದಿತ್ತು. ಅಂದಿನಿಂದ ಅಂಥದ್ದನ್ನು ಆಗಲೇ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿಡುತ್ತೇವೆ. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಪ್ರಾಧಿಕಾರಕ್ಕೆ ಕಳಿಸಬೇಕಾದ ಸ್ಕ್ಯಾನುಗಳ ವರದಿಗೆ ಈಗ ಅರ್ಧ ಗಂಟೆ ಸಾಕು.

ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಎಂಬ ವಿಂಗಡಣೆಯನ್ನು ನಮ್ಮ ಆಯಾಗಳು ಬೇಗ ಕಲಿತರು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆ ಮೀರಿ ಇಟ್ಟುಕೊಳ್ಳಬಾರದಾದ್ದರಿಂದ ಹಬ್ಬದ ದಿನಗಳಲ್ಲಿ ವಾಹನದವರಿಗೆ ಮೊದಲೇ ಫೋನ್ ಮಾಡುವುದೂ ರೂಢಿಯಾಯಿತು. ಕಷ್ಟವಾದದ್ದು ಮಾಸಿನ ವಿಷಯ. ಹಳ್ಳಿಯಿಂದ ಬಂದ ಹಿರಿಯರು ‘ಕಸ ಕೊಡ್ರಿ, ಹಿತ್ತಲಾಗ ಹೂಳ್ತೀವಿ’ ಎಂದು ಕೇಳುತ್ತಾರೆ. ನಿಯಮದಂತೆ ಅದು ಹಳದಿ ಚೀಲಕ್ಕೆ ಹೋಗಬೇಕು. ಹೆರಿಗೆಯಾದ ಮೇಲೆ ಹೇಳಿದರೆ ಜಗಳವಾಗುತ್ತದೆ, ಆದ್ದರಿಂದ ದಾಖಲಾಗುವಾಗಲೇ ತಿಳಿಸಿ ಸಮ್ಮತಿ ಪತ್ರದಲ್ಲಿ ಬರೆಸಿಕೊಳ್ಳುತ್ತೇವೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಐದು ವರ್ಷಕ್ಕೊಮ್ಮೆ ಬರುವ ನೋಂದಣಿ, ದರಪಟ್ಟಿಯ ಫಲಕ, ಅಗ್ನಿಶಾಮಕ ಇಲಾಖೆಯ ಪತ್ರ ಇವೆಲ್ಲಕ್ಕೂ ಗೋಡೆಯ ಮೇಲೊಂದು ದಿನಾಂಕಪಟ್ಟಿ ಇದ್ದರೆ ಆಯಿತು.

ಪಟ್ಟಿಯಿಂದ ಬಗೆಹರಿಯದ ಪ್ರಕರಣ ಒಂದು ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ ಬಂತು. ಹೆರಿಗೆ ನೋವಿನ ಹುಡುಗಿ. ಆಧಾರ್ ಪ್ರಕಾರ ಹದಿನೇಳು ವರ್ಷ. ಜೊತೆಗಿದ್ದ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ‘ಯಪ್ಪಾ, ಮದುವಿ ಆಗೈತಿ, ಇದರಾಗ ತಪ್ಪೇನೈತಿ? ಹತ್ತೊಂಬತ್ತು ಅಂತ ಬರ್ಕೊ’ ಎಂದರು. 18 ತುಂಬದ ಹೆಂಡತಿಯೊಡನೆ ದೈಹಿಕ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಇದನ್ನೆಲ್ಲ ಅಜ್ಜಿಗೆ ಹೇಗೆ ಹೇಳಲಿ? ‘ಅಜ್ಜೀ, ಮೊದಲು ಹೆರಿಗೆ ಆಗಲಿ, ಆದರೆ ವಯಸ್ಸು ಇದ್ದಂಗೆ ಬರೀತೀನಿ’ ಎಂದಷ್ಟೇ ಅಂದೆ. ವೈದ್ಯರು ಹುಡುಗಿಯನ್ನು ನೋಡಿದ್ದು 11:25ಕ್ಕೆ, ನಾನು ಠಾಣೆಗೆ ಫೋನ್ ಮಾಡಿದ್ದು 11:50ಕ್ಕೆ. ಎರಡನ್ನೂ ಆಗಲೇ ಕೇಸ್ ಶೀಟಿನಲ್ಲಿ ಬರೆದೆವು. ಪೊಲೀಸರು ಬರಲೆಂದು ಹುಡುಗಿಯನ್ನು ಮುಟ್ಟದೆ ಕೂರಿಸಿದ್ದರು ಎಂದು ಗಂಡನ ಮನೆಯವರು ಮುಂದೆ ದೂರಿದಾಗ, ಆ ಎರಡು ಸಾಲುಗಳನ್ನು ತೋರಿಸಿದೆ. ದೂರು ಅಲ್ಲಿಗೇ ನಿಂತಿತು.

ಇಂಥ ಕುಟುಂಬಗಳು ಇನ್ನು ಮುಂದೆ ಆಸ್ಪತ್ರೆಗೇ ಬಾರದೆ ಮನೆಯಲ್ಲೇ ಹೆರಿಗೆ ಮಾಡಿಸಿದರೆ ಎಂಬ ಅಳುಕು ನನ್ನಿಂದ ಹೋಗಿಲ್ಲ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಅವಳ ಪೋಷಕರೂ ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತನ್ನು ವೈದ್ಯರು ಹೇಳಬೇಕಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆರಿಗೆಗೆ ಬಂದ ಹುಡುಗಿಗೆ ಆ ಮರೆ ಸಿಗುವುದಿಲ್ಲ.

ಆರು ವಾರದ ನಂತರ ಚುಚ್ಚುಮದ್ದು ಹಾಕಿಸಲು ಮಗುವನ್ನೆತ್ತಿಕೊಂಡು ಅದೇ ಅಜ್ಜಿ ಬಂದರು. ನನ್ನ ಮುಖ ನೋಡಲಿಲ್ಲ. ಹೋಗುವಾಗ ಮೇಜಿನ ಬಳಿ ನಿಂತು, ‘ಹುಡುಗಿ ಈಗ ತವರುಮನ್ಯಾಗ ಅದಾಳ, ವಿಳಾಸ ತಿದ್ಕೊಳ್ರಿ’ ಎಂದು ನರ್ಸಿಗೆ ಹೇಳಿ, ಊರಿನ ಹೆಸರನ್ನು ಎರಡು ಸಲ ಹೇಳಿ ಬರೆಸಿ ಹೋದರು.