ಮಾಡೆಲ್ ರೈಲು ಹಳಿಗೆ ಬಣ್ಣ ಹೊಡೆಯೋದು, ಅದೂ ನಮ್ಮ ಕೊಡಗಿನ ಹವಾದಲ್ಲಿ

ನಮ್ಮ ಜಿಲ್ಲೇಲಿ ರೈಲು ಹಳಿನೇ ಇಲ್ಲ, ಹಾಗಾಗಿ ಇಲ್ಲಿ ಮಾಡೆಲ್ ಮಾಡೋರು ಸುಮಾರು ಜನ ಬಣ್ಣ ಅಂದಾಜಲ್ಲೇ ಹೊಡೀತಾರೆ, ಹಳಿ ಪೂರ್ತಿ ಇಟ್ಟಿಗೆ ಕೆಂಪು, ಹಳಿ ಕೆಳಗೆ ಅಡ್ಡಕ್ಕೆ ಹಾಕೋ ಸ್ಲೀಪರ್ ಪೂರ್ತಿ ಕಪ್ಪು. ಮೊದಲು ಒಂದ್ಸಲ ಸಕಲೇಶಪುರಕ್ಕೆ ಹೋಗಿ ಪ್ಲಾಟ್‌ಫಾರ್ಮಲ್ಲಿ ನಿಂತು ಸರಿಯಾಗಿ ನೋಡಿ. ಗಾಡಿ ಓಡೋ ಹಳಿ ಮೇಲ್ಭಾಗ ಫಳಫಳ ಹೊಳೀತದೆ, ಪಕ್ಕ ಮಾತ್ರ ಕಣದಲ್ಲಿ ಒಣಗಿದ ಕಾಫಿ ಹಣ್ಣಿನ ಸಿಪ್ಪೆ ತರ ಮಬ್ಬು ಕಂದು. ಗಾಡಿ ಅಪರೂಪಕ್ಕೆ ಬರೋ ಸೈಡಿಂಗಲ್ಲಿ ತುಕ್ಕು ಇನ್ನೂ ಕಿತ್ತಳೆ ಬಣ್ಣಕ್ಕೆ ತಿರುಗಿರ್ತದೆ. ಅಲ್ಲಿಂದ ಸುಬ್ರಹ್ಮಣ್ಯಕ್ಕೆ ಇಳಿಯೋ ಘಾಟಿ 50ಕ್ಕೆ 1ರ ಇಳಿಜಾರು, ಅಂಥ ಕಡೆ ಬ್ರೇಕಿನ ಪುಡಿ ಉದುರಿ ಜಲ್ಲಿಗೂ ಕಂದು ಹಿಡಿದಿರ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ, ಬಣ್ಣ ಕಲಸುವಾಗ ಪಕ್ಕದಲ್ಲಿರಲಿ.

ಕೆಲಸ ಪುತ್ತರಿ (ನಮ್ಮ ಸುಗ್ಗಿ ಹಬ್ಬ, ನವೆಂಬರ್-ಡಿಸೆಂಬರಲ್ಲಿ ಬರ್ತದೆ) ಕಳೆದ ಮೇಲೆ ಶುರು ಮಾಡಿದ್ರೆ ಒಳ್ಳೇದು. ಒಂದು ಕಕ್ಕಡದಲ್ಲಿ, ಅಂದ್ರೆ ಜೋರು ಮಳೆಯ ತಿಂಗಳಲ್ಲಿ, ಜಗಲೀಲಿ ಕೂತು ಸ್ಪ್ರೇ ಹೊಡೆದೆ, ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೆಳ್ಳಗೆ ಮಂಜು ಕಟ್ಟಿದ ಹಾಗಾಯ್ತು, ಒಂದು ಗಜ ಫ್ಲೆಕ್ಸಿ ಟ್ರ್ಯಾಕ್ (ಬಗ್ಗಿಸಬಹುದಾದ ಮಾಡೆಲ್ ಹಳಿ) ಪೂರ್ತಿ ಉಜ್ಜಿ ತೆಗೆಯಬೇಕಾಯ್ತು, ತುಂಬಾ ಬೇಜಾರಾಯ್ತು. ಮಳೆಗಾಲದಲ್ಲಿ ಮಾಡಲೇಬೇಕು ಅಂದ್ರೆ ಸ್ಪ್ರೇ ಬಿಡಿ, ಅಕ್ರಿಲಿಕ್ ಬಣ್ಣ ಬ್ರಷ್ಷಲ್ಲಿ ತೆಳ್ಳಗೆ ಹಚ್ಚಿ, ಒಂದೊಂದು ಕೋಟ್ ಒಣಗೋಕೆ ಒಂದು ದಿನ ಪೂರ್ತಿ ಬಿಡಿ.

ಹಳಿಗೆ ಕರೆಂಟ್ ಕೊಡೋ ವೈರ್ ಬೆಸುಗೆ ಎಲ್ಲ ಮುಗಿಸಿ, ಇಂಜಿನ್ ಓಡಿಸಿ ನೋಡಿದ ಮೇಲೇನೇ ಬಣ್ಣ, ಯಾಕಂದ್ರೆ ಬಣ್ಣ ಬಿದ್ದ ಹಳಿಗೆ ಬೆಸುಗೆ ಹಿಡಿಯಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ನೀರಲ್ಲಿ ಬಟ್ಟೆ ಅದ್ದಿ ಜಿಡ್ಡು ಒರೆಸಿ, ಒಣಗಿಸಿ. ಪಾಯಿಂಟ್, ಅಂದ್ರೆ ಹಳಿ ಕವಲೊಡೆಯೋ ಜಾಗ, ಇರೋ ಕಡೆ ತುಂಬಾ ಜಾಗ್ರತೆ, ಅಲ್ಲಾಡೋ ಬ್ಲೇಡ್ ಹಳಿಗೆ ತಾಗೋ ಜಾಗಕ್ಕೆ ಟೇಪ್ ಅಂಟಿಸಿ, ಅಲ್ಲಿ ಒಂದು ಹನಿ ಬಣ್ಣ ಹೋದ್ರೂ ಕರೆಂಟ್ ದಾಟಲ್ಲ, ಬ್ಲೇಡೂ ಅಂಟಿಕೊಳ್ತದೆ.

ಹಳಿ ಪಕ್ಕಕ್ಕೆ ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣಕ್ಕೆ ಸ್ವಲ್ಪ ಬೂದಿ ಬಣ್ಣ ಸೇರಿಸಿ ಸಣ್ಣ ಚಪ್ಪಟೆ ಬ್ರಷ್ಷಲ್ಲಿ ಹಚ್ಚಿ, ಒಂದಡಿ ಆದ ಕೂಡಲೇ ಮರದ ತುಂಡಿಗೆ ಬಟ್ಟೆ ಸುತ್ತಿ ಹಳಿ ಮೇಲ್ಭಾಗ ಒರೆಸಿಬಿಡಿ. ಒಣಗಿಹೋದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ, ಮರಳು ಕಾಗದ ಮಾತ್ರ ಬೇಡ, ಗೀರು ಬಿದ್ರೆ ಅದರಲ್ಲೇ ಕೊಳೆ ಕೂರ್ತದೆ. ಸ್ಲೀಪರ್ ಕಾಂಕ್ರೀಟಿಂದಾದ್ರೆ ತಿಳಿ ಬೂದಿ, ಮರದ್ದಾದ್ರೆ ಬೂದಿ ಬೆರೆತ ಕಂದು, ಆದ್ರೆ ಎಲ್ಲಾನೂ ಒಂದೇ ಬಣ್ಣ ಮಾಡಬೇಡಿ, ನಾಲ್ಕೈದಕ್ಕೊಂದು ಸ್ವಲ್ಪ ಗಾಢ ಇರಲಿ. ಆಮೇಲೆ ಕಂದುಗಪ್ಪು ಬಣ್ಣ ನೀರು ನೀರು ಮಾಡಿ ಹಚ್ಚಿದ್ರೆ ಹಳಿ ಹಿಡಿದಿರೋ ಕ್ಲಿಪ್ಪಿನ ಸಂದಿಗೆ ಇಳಿದು ತಾನೇ ನೆರಳು ಕೊಡ್ತದೆ, ಈ ಒಂದು ಕೋಟ್‌ಗೇ ಪ್ಲಾಸ್ಟಿಕ್ ಕಳೆ ಹೋಗೋದು.

ಜಲ್ಲಿ ಹಾಕೋದು ಕೊನೆಗೆ. 1:87 ಸ್ಕೇಲಲ್ಲಿ (ನಿಜದ ಗಾತ್ರದ 87ರಲ್ಲಿ ಒಂದು ಭಾಗ) 50 ಮಿಲಿಮೀಟರ್ ಜಲ್ಲಿ ಅಂದ್ರೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ, ಸಣ್ಣ ರವೆಯಷ್ಟು. ಕಲ್ಲುಪುಡಿ ಜರಡಿ ಹಿಡಿದು, ಅದರ ಮೇಲೆ ಅಯಸ್ಕಾಂತ ಆಡಿಸಿ, ಕಬ್ಬಿಣದ ಚೂರಿದ್ರೆ ಇಂಜಿನ್ ಮೋಟಾರಿಗೆ ಹೋಗಿ ಅಂಟ್ತದೆ. ಹರಡಿ, ಸ್ಲೀಪರ್ ಮೇಲಿದ್ದದ್ದು ಬ್ರಷ್ಷಲ್ಲಿ ಸರಿಸಿ, ಮೊದಲು ನೀರು ಚಿಮುಕಿಸಿ, ಆಮೇಲೆ ಫೆವಿಕಾಲ್ ಅರ್ಧ ನೀರು ಅರ್ಧ ಕಲಸಿ ಎರಡು ಹನಿ ಪಾತ್ರೆ ಲಿಕ್ವಿಡ್ ಸೇರಿಸಿ ಡ್ರಾಪರಲ್ಲಿ ಬಿಡಿ. ಪಾಯಿಂಟ್ ಬ್ಲೇಡ್ ಹತ್ರ ಅಂಟು ಬೇಡವೇ ಬೇಡ. ಮಣ್ಣಿನ ಬಣ್ಣಕ್ಕೆ ಕೆಲವರು ಕಾಫಿ ಪುಡಿ, ಚಹಾ ಚರಟ ಹಾಕ್ತಾರೆ, ನಮ್ಮಲ್ಲಿ ಅದು ಒಂದು ಮಳೆಗಾಲಕ್ಕೇ ಬೂಷ್ಟು ಹಿಡೀತದೆ. ತೋಟದ ಕೆಂಪು ಮಣ್ಣು ಹಂಚಲ್ಲಿ ಹುರಿದು, ಬಟ್ಟೇಲಿ ಸೋಸಿ, ಅದಕ್ಕೂ ಅಯಸ್ಕಾಂತ ಆಡಿಸಿ ಉದುರಿಸಿ, ಬಣ್ಣ ಚೆನ್ನಾಗಿ ಕೂರ್ತದೆ.

ಎರಡು ದಿನ ಮುಟ್ಟಬೇಡಿ. ಆಮೇಲೆ ಹಳಿ ಮೇಲ್ಭಾಗ ಇನ್ನೊಂದ್ಸಲ ಒರೆಸಿ ಇಂಜಿನ್ ತುಂಬಾ ನಿಧಾನ ಓಡಿಸಿ, ಎಲ್ಲಿ ತಡವರಿಸ್ತದೋ ಅಲ್ಲಿ ಬಣ್ಣವೋ ಅಂಟೋ ಉಳಿದಿದೆ ಅಂತ ಅರ್ಥ, ಅಷ್ಟು ಜಾಗ ಮಾತ್ರ ಮತ್ತೆ ಒರೆಸಿ.